ಅಕ್ಕಡಿ ಸಾಲಿನ ಅಡುಗೆ

ಅಜ್ಜಿಯ ಕಾಲದ ಅಡುಗೆ ಹೋಯಿತು ಎಂಬ ಹಳಹಳಿಕೆ ಯಾವ ಊರಲ್ಲಿಲ್ಲ? ದೂರು ಮಾತ್ರ ಎಲ್ಲ ಕಡೆಯೂ ಹೋಗಿ ಬೀಳುವುದು ಸೊಸೆಯ ತಲೆಯ ಮೇಲೆ. ಅವಳಿಗೆ ರೊಟ್ಟಿ ಬಡಿಯಲು ಬಾರದು, ಕಲಿಯುವ ಮನಸ್ಸೂ ಇಲ್ಲ, ಮಿಕ್ಸಿ ತಂದು ಒರಳನ್ನು ಹಿತ್ತಲಿಗೆ ಹಾಕಿದಳು. ಹೊಸಪೇಟೆ ಸುತ್ತಿನ ಮಟ್ಟಿಗಾದರೂ ಈ ದೂರನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಆ ಕಾಲ ಮುಗಿದದ್ದಕ್ಕೆ ತಾರೀಕೇ ಉಂಟು. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು; 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಮನೆಯ ಹಳೆಯ ಅಡುಗೆ ಸೊಸೆಯ ಕೈತಪ್ಪುವ ಮೊದಲೇ ಹೊಲದ ಕೈತಪ್ಪಿತ್ತು ಎಂಬುದು ನನ್ನ ವಾದ.

ಎರೆಹೊಲದಲ್ಲಿ ಜೋಳ ಬಿತ್ತುವವರು ಬರೀ ಜೋಳ ಬಿತ್ತುತ್ತಿರಲಿಲ್ಲ. ಮುಂಗಾರಿಯಾದರೆ ನಡುನಡುವೆ ತೊಗರಿ, ಹೆಸರು, ಅಲಸಂದಿ, ಪುಂಡಿಯ ಅಕ್ಕಡಿ ಸಾಲು. ಹಿಂಗಾರಿಯಾದರೆ ಕಡಲೆ, ಅಗಸೆ, ದನ ನುಗ್ಗದಂತೆ ಅಂಚಿಗೆ ಮುಳ್ಳಿನ ಕುಸುಬೆ. ಈಗ ತಟ್ಟೆ ನೋಡಿ. ಜೋಳದ ರೊಟ್ಟಿ, ಅದೇ ಜೋಳದ ನುಚ್ಚು ಹಾಕಿ ಕುದಿಸಿದ ಪುಂಡಿಪಲ್ಯ, ಅಗಸಿ ಚಟ್ನಿ, ಮೇಲೆ ಕುಸುಬಿ ಎಣ್ಣೆ. ಉಪ್ಪೊಂದನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಹೊಲದ್ದು. ಯಾವುದರ ಜೊತೆ ಯಾವುದು ಹೊಂದುತ್ತದೆಂದು ಯಾರೋ ಒಲೆಯ ಮುಂದೆ ಕೂತು ಯೋಚಿಸಿದ್ದಲ್ಲ. ಒಟ್ಟಿಗೆ ಬೆಳೆದದ್ದು ಒಟ್ಟಿಗೆ ಬೆಂದಿತು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ನಾದುವುದು. ಆ ಹಿಟ್ಟಾದರೂ ಹೊಸದಾಗಿ ಬೀಸಿದ್ದಿರಬೇಕು, ಹಳತಾದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಅಂಗಡಿಯ ಪೊಟ್ಟಣದ ಹಿಟ್ಟು ಎಂದು ಬೀಸಿದ್ದೋ ಗೊತ್ತಿಲ್ಲದೆ ರೊಟ್ಟಿ ಬಿರಿದಾಗ, ಸೊಸೆಯ ಕೈಗುಣವನ್ನು ಆಡಿಕೊಳ್ಳುವುದು ಅನ್ಯಾಯ. ಕಾಲುವೆಯ ನೀರು ಬಂದಲ್ಲಿ ಎರೆಹೊಲ ಭತ್ತದ ಗದ್ದೆಯಾಯಿತು; ನೀರು ನಿಲ್ಲುವ ಆ ಗದ್ದೆಯಲ್ಲಿ ಅಕ್ಕಡಿ ಸಾಲಿಗೆ ಜಾಗವಿಲ್ಲ. ಜೋಳ ಹೋಗುವಾಗ ಒಂಟಿಯಾಗಿ ಹೋಗಲಿಲ್ಲ, ತನ್ನ ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಹೋಯಿತು.

ಪುಂಡಿ ಸೊಪ್ಪು ಇದಕ್ಕೆ ಒಳ್ಳೆಯ ಸಾಕ್ಷಿ. ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದು ನೆಲ ಕೊಂಡರು. ಗಂಗಾವತಿ, ಸಿಂಧನೂರು ಕಡೆ ಊರ ಹೆಸರುಗಳಿಗೆ ‘ಕ್ಯಾಂಪ್’ ಅಂಟಿಕೊಂಡಿತು. ಅವರು ಗೋಂಗೂರ ಎನ್ನುವುದೂ ನಾವು ಪುಂಡಿ ಎನ್ನುವುದೂ ಒಂದೇ ಸೊಪ್ಪು. ಅನ್ನ ಉಣ್ಣುವ ಮನೆಯಲ್ಲಿ ಅದು ಎಣ್ಣೆ, ಒಣಮೆಣಸಿನಕಾಯಿ ಸೇರಿ ಪಚ್ಚಡಿಯಾಯಿತು. ರೊಟ್ಟಿಯ ಮನೆಯಲ್ಲಿ ನುಚ್ಚು, ಬೇಳೆ ಸೇರಿ ಪಲ್ಯವಾಯಿತು. ಸೊಪ್ಪಿನ ರುಚಿಯನ್ನು ತೀರ್ಮಾನಿಸಿದ್ದು ಪಕ್ಕದಲ್ಲಿದ್ದ ಧಾನ್ಯ.

ಹಾಗೆಂದು ಡ್ಯಾಮೇ ಇಲ್ಲಿಗೆ ಮೊದಲ ಬಾರಿ ಅಕ್ಕಿ ತಂದಿತು ಎನ್ನುವಂತಿಲ್ಲ. ವಿಜಯನಗರದ ಅರಸರ ಕಾಲುವೆಗಳು ಹೊಸಪೇಟೆ, ಕಮಲಾಪುರ, ಕಂಪ್ಲಿಯ ಗದ್ದೆಗಳಿಗೆ ಶತಮಾನಗಳಿಂದ ನೀರುಣಿಸಿವೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಸೀಮೆಯ ಭತ್ತವನ್ನೂ ಜೋಳವನ್ನೂ ಕಂಡು ಬರೆದಿದ್ದಾನೆ. ಕಾಲುವೆಯ ಊರಿನಲ್ಲಿ ಅನ್ನ, ಬಾಳೆ, ಕಬ್ಬು, ಬೆಲ್ಲ. ಗಾಡಿಯಲ್ಲಿ ಒಂದು ದಿನ ಹೋದರೆ ಕೂಡ್ಲಿಗಿ ಕಡೆ ಜೋಳ, ನವಣೆ, ಸಜ್ಜೆ. ಅಲ್ಲಿ ಅನ್ನವೆಂದರೆ ಹಬ್ಬ. ಒಣ ಅಡುಗೆಮನೆ, ಹಸಿ ಅಡುಗೆಮನೆ ಎರಡೂ ಪಕ್ಕಪಕ್ಕದಲ್ಲಿದ್ದವು, ಕಾಳು ಕೊಟ್ಟು ಅಕ್ಕಿ ತರುತ್ತಿದ್ದವು. ಡ್ಯಾಂ ಬಂದದ್ದರಿಂದ ಆ ಗಡಿ ಅಳಿಸಿಹೋಯಿತು. ಜಲಾಶಯದ ಒಳಗಾದ ಸುಮಾರು 90 ಹಳ್ಳಿಗಳ ಪಾಡು ಬೇರೆಯೇ. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆ ನಿಂತರು. ಬೀಸುಕಲ್ಲು ಹೊತ್ತು ತರಬಹುದಿತ್ತು, ಜೋಳ ತುಂಬಿಡುವ ನೆಲದಡಿಯ ಹಗೇವು ಹೊತ್ತು ತರುವುದು ಹೇಗೆ? ಇತ್ತ ಟಿ.ಬಿ. ಡ್ಯಾಂ ಕಾಲೊನಿಗೆ, ಅಣೆಕಟ್ಟು ಕಟ್ಟುವ ಕೆಲಸಕ್ಕೆ ಬಂದವರ ಜೊತೆ ನಾನಾ ಸೀಮೆಯ ಒಗ್ಗರಣೆ ಬಂತು, ಜಲಾಶಯಕ್ಕೆ ಗಂಗಾ ಬಯಲಿನ ಕಾಟ್ಲಾ, ರೋಹು ಬಂದವು. ಡ್ಯಾಮಿನ ಮೀನು ಎಂದು ಇಂದು ಬಾಯಿ ಚಪ್ಪರಿಸುವವರು ಎಷ್ಟೋ ಸಲ ತಿನ್ನುವುದು ಈ ವಲಸಿಗರನ್ನೇ.

ಇದೆಲ್ಲ ಹೊಟ್ಟೆ ತುಂಬಿದವರ ಹಂಬಲ ಎಂದು ಯಾರಾದರೂ ಅಂದರೆ ಅದು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. 1876ರಿಂದ 78ರವರೆಗಿನ ಧಾತು ಬರದಲ್ಲಿ ಬಳ್ಳಾರಿ ಜಿಲ್ಲೆ ಬೆಂದುಹೋಯಿತು. ಅಕ್ಕಡಿ ಸಾಲು ಯಾರನ್ನೂ ಕಾಯಲಿಲ್ಲ. ನೀರು ಬೇಕೆಂದು ಕೇಳಿದವರು ಪುಂಡಿಪಲ್ಯವನ್ನು ಮರೆಯಲು ಹೊರಟವರಲ್ಲ, ಬದುಕಲು ಹೊರಟವರು. ನಸುಕಿಗೇ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದ ಹೆಂಗಸರಿಗೆ ಗಿರಣಿ ಬಂದದ್ದು ಬಿಡುಗಡೆಯೇ. ಆ ರುಚಿಗಾಗಿ ಹಂಬಲಿಸುವವರಲ್ಲಿ ಬೀಸಿದವರಿಗಿಂತ ಉಂಡವರೇ ಹೆಚ್ಚು ಎಂಬ ಅನುಮಾನ ನನಗಿದೆ. ಇನ್ನೊಂದು ಆಕ್ಷೇಪ ಇನ್ನೂ ಮೊನಚು: ಯಾವುದನ್ನು ಹಳೆಯದು ಅನ್ನುತ್ತೀರಿ? ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದಿಂದ ಬಂದವು. ಕೃಷ್ಣದೇವರಾಯನ ಊಟದಲ್ಲಿ ಖಾರಕ್ಕೆ ಕಾಳುಮೆಣಸೇ ಗತಿ. ಶೇಂಗಾ ಚಟ್ನಿಯ ಮಾತಂತೂ ಇಲ್ಲ. ಒಪ್ಪಿದೆ, ಅಡುಗೆ ಎಂದೂ ನಿಂತ ನೀರಲ್ಲ. ಆದರೆ ಮೆಣಸಿನಕಾಯಿ ಬಂದು ಹೊಲದಲ್ಲಿ ಒಂದು ಸಾಲು ಹಿಡಿಯಿತು, ಜೋಳವನ್ನು ಎಬ್ಬಿಸಲಿಲ್ಲ. ತಲೆಮಾರುಗಟ್ಟಲೆ ರೊಟ್ಟಿಯ ಪಕ್ಕದಲ್ಲಿ ಕೂತು ನೆಂಟನಾಯಿತು. ಕಾಲುವೆ ಬಂದದ್ದು ಹಾಗಲ್ಲ, ಒಂದೇ ತಲೆಮಾರಿನಲ್ಲಿ ತಟ್ಟೆಯನ್ನೇ ಬದಲಿಸಿತು. ನೀರು ತಲುಪದ ಮನೆಗಳಿಗೂ 2013ರಿಂದ ಅನ್ನಭಾಗ್ಯದ ಅಕ್ಕಿ ತಲುಪಿತು, ಆರಂಭದಲ್ಲಿ ಕೆ.ಜಿ.ಗೆ ಒಂದು ರೂಪಾಯಿಗೆ.

ಪಾಕವಿಧಾನ ಬರೆದಿಟ್ಟರೆ ಅಡುಗೆ ಉಳಿಯುತ್ತದೆ ಎಂದು ನಂಬಿರುವವರಿಗೆ ನನ್ನ ಉತ್ತರವೂ ಇದರಲ್ಲೇ ಇದೆ. ‘ಜೋಳದ ಹಿಟ್ಟು ಎರಡು ಬಟ್ಟಲು’ ಎಂದು ಬರೆದುಕೊಂಡರೆ ಯಾವ ಜೋಳ, ಎಂದು ಬೀಸಿದ್ದು, ಬೀಸಿದವರು ಯಾರು ಎಂಬುದೆಲ್ಲ ಪುಟದ ಹೊರಗೇ ಉಳಿಯುತ್ತದೆ. 2023ನ್ನು ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಸಾರಿದ ಮೇಲೆ ನವಣಕ್ಕಿಗೆ ಮಾನ ಬಂದಿದೆ, ಸೋನಾ ಮಸೂರಿಗಿಂತ ಹೆಚ್ಚಿನ ಬೆಲೆಯೂ ಬಂದಿದೆ. ಬಡವರ ಕೂಳು ಬಡವರ ಕೈಗೆಟುಕದ ಪೊಟ್ಟಣವಾಗಿದೆ. ನನ್ನ ವಾದ ಸಡಿಲಾಗುವುದು ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಮಾತ್ರ. ಅಂದು ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಕಡುಬು, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುತ್ತಾರೆ, ನೀರಾವರಿ ಹೊಲದವರೂ ಚೆಲ್ಲುತ್ತಾರೆ. ಸಜ್ಜೆ, ಎಳ್ಳು, ಪುಂಡಿ ಮೂರನ್ನೂ ಬೆಳೆಯದ ಆ ನೆಲಕ್ಕಾಗಿ ಮೂರನ್ನೂ ಹಿಂದಿನ ದಿನ ಹೊಸಪೇಟೆ ಮಾರುಕಟ್ಟೆಯಲ್ಲಿ ಕೊಂಡು ತಂದಿರುತ್ತಾರೆ.