ಮೂಟೆಗೆ ಹಲಗೆ ಇದೆ, ಮನುಷ್ಯರಿಗೆ?



ಇವತ್ತಿನ ಪೋಸ್ಟ್ ಉದ್ದ ಇದೆ. ವಿಷಯ ಕೇಳಿದ್ರೆ ಕೆಲವರಿಗೆ ನಗು ಬರಬಹುದು. ನಡೆಯೋಕೆ ಆಗದ ಒಬ್ಬರನ್ನ ಸಮುದ್ರದಲ್ಲಿ ಡಾಲ್ಫಿನ್ ತೋರಿಸೋ ಬೋಟಿಗೆ ಕರ್ಕೊಂಡು ಹೋಗಬೇಕಾದರೆ ಏನೇನು ವಿಚಾರಿಸಬೇಕು, ಯಾವ ಬೋಟು ಆರಿಸಬೇಕು ಅನ್ನೋದರ ಬಗ್ಗೆ ಬರೀತಿದೀನಿ. "ಏನಕ್ಕ, ಹೋರಾಟ ಬಿಟ್ಟು ಟೂರಿಸಂ ಶುರು ಮಾಡಿದ್ರಾ?" ಅಂತ ಕಾಮೆಂಟ್ ಹಾಕೋ ಮುಂಚೆ ದಯವಿಟ್ಟು ಪೂರ್ತಿ ಓದಿ.

ನಮ್ಮ ಚಿಕ್ಕಪ್ಪನಿಗೆ ಈಗ 61. ದೊಡ್ಡಬಳ್ಳಾಪುರದ ಕಡೆಯವರು. 25 ವರ್ಷ ಮಂಡಿಯಲ್ಲಿ ಹಮಾಲಿ ಕೆಲಸ. 11 ವರ್ಷದ ಹಿಂದೆ ಲಾರಿ ಮೇಲಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯ್ತು. ಅವತ್ತಿಂದ ಕಾಲಲ್ಲಿ ಶಕ್ತಿ ಇಲ್ಲ, ಗಾಲಿಕುರ್ಚಿಯೇ ಗತಿ. ಹುಡುಗನಾಗಿದ್ದಾಗ ದಸಂಸ ಜಾಥಾಗಳಿಗೆ ಲಾರಿ ಹತ್ತಿ ಹೋದವರು, ತಮಟೆ ಹೊಡೆದವರು. ರಾಜ್ಯದ ಎಷ್ಟೋ ಜಿಲ್ಲೆಗಳನ್ನ ನೋಡಿದ್ದಾರೆ, ಆದರೆ ನೋಡಿದ್ದೆಲ್ಲ ಡಿಸಿ ಆಫೀಸಿನ ಮುಂದಿನ ರಸ್ತೆಯಿಂದ. ಸಮುದ್ರ ಮಾತ್ರ ನೋಡಿರಲಿಲ್ಲ.

ನನ್ನ ಮಗಳು 9ನೇ ಕ್ಲಾಸು. ಅವಳು ಮೊಬೈಲಲ್ಲಿ ತಿಮಿಂಗಿಲದ ವಿಡಿಯೋ ತೋರಿಸ್ತಾ ಇದ್ದಳು. ಚಿಕ್ಕಪ್ಪ ತುಂಬಾ ಹೊತ್ತು ನೋಡಿ ನನಗೆ ಹೇಳಿದರು: "ನಮ್ಮಪ್ಪನ ಕಾಲದಲ್ಲಿ ಊರಬಾವಿ ನೀರು ಮುಟ್ಟಕ್ಕೆ ಬಿಡ್ತಿರಲಿಲ್ಲ. ಸಮುದ್ರಕ್ಕೆ ಯಾರೂ ಬೇಲಿ ಹಾಕಿಲ್ವಲ್ಲ ಕಣವ್ವ, ಒಂದ್ಸಲ ನೋಡಣ."

ಹಂಗೆ ಶುರುವಾಯ್ತು.

ಮೊದಲು ಗೊತ್ತಾಗಿದ್ದು, ತಿಮಿಂಗಿಲ ತೋರಿಸೋ ಪ್ರವಾಸ ನಮ್ಮ ಕರಾವಳಿಯಲ್ಲಿ ನಡೆಯಲ್ಲ. ಹತ್ತಿರ ಅಂದ್ರೆ ಶ್ರೀಲಂಕಾದ ಮಿರಿಸ್ಸ. ಅಲ್ಲಿ ನವೆಂಬರಿಂದ ಏಪ್ರಿಲ್‌ವರೆಗೆ ನೀಲಿ ತಿಮಿಂಗಿಲ ನೋಡೋಕೆ ಬೋಟು ಹೋಗುತ್ತೆ. ಪಾಸ್‌ಪೋರ್ಟು, ವಿಮಾನ, ಅದೆಲ್ಲ ಗುಮಾಸ್ತೆ ಸಂಬಳಕ್ಕೆ ಆಗೋ ಮಾತಲ್ಲ. ಅಲ್ಲದೆ ಅದು ತೆರೆದ ಸಮುದ್ರ, ಗಂಟೆಗಟ್ಟಲೆ ಅಲೆ ಮೇಲೆ ಕೂರಬೇಕು, ಬೆನ್ನು ಹೋದವರಿಗೆ ಅದೇ ಒಂದು ಶಿಕ್ಷೆ. ಆದರೆ ಡಾಲ್ಫಿನ್ನೂ ತಿಮಿಂಗಿಲದ ಸಂಬಂಧಿಯೇ. ಮೀನಲ್ಲ, ಮರಿಗೆ ಹಾಲು ಕುಡಿಸೋ ಪ್ರಾಣಿ. ನಮ್ಮ ಕಾರವಾರದ ಹತ್ತಿರ ಬೆನ್ನಮೇಲೆ ಗುಡ್ಡೆ ಇರೋ ಹಂಪ್‌ಬ್ಯಾಕ್ ಡಾಲ್ಫಿನ್‌ಗಳಿವೆ. ಅವು ಆಳದ ಸಮುದ್ರಕ್ಕಿಂತ ದಡದ ಹತ್ತಿರದ ನೀರನ್ನೇ ಇಷ್ಟಪಡ್ತವೆ, ಮೀನು ಹುಡುಕ್ಕೊಂಡು ನದಿ ಬಾಯಿಗೂ ಬರ್ತವೆ. ಕಾಳಿ ನದಿ ಸಮುದ್ರ ಸೇರೋ ಜಾಗ ಅಂಥದ್ದು. ನದಿ ಬಾಯಲ್ಲಿ ಅಲೆ ಕಮ್ಮಿ, ದೂರ ಕಮ್ಮಿ, ಏನಾದರೂ ಆದರೆ ಬೇಗ ದಡ ಸೇರಬಹುದು. ಹಂಗಾಗಿ ಮೊದಲನೇ ತೀರ್ಮಾನ: ತೆರೆದ ಸಮುದ್ರ ಬೇಡ, ಅಳಿವೆ ಸಾಕು.

ಆಮೇಲೆ ಫೋನು. ಆಫೀಸ್ ಬುದ್ಧಿ ಎಲ್ಲಿ ಹೋಗುತ್ತೆ, ಒಂದು ನೋಟ್‌ಬುಕ್ಕಲ್ಲಿ ಗೆರೆ ಎಳೆದು ಕಲಂ ಮಾಡಿದೆ. ಕರಾವಳಿ ಉದ್ದಕ್ಕೂ 9 ಕಡೆ ವಿಚಾರಿಸಿದೆ. ಯಾರ ಹೆಸರನ್ನೂ ಇಲ್ಲಿ ಬರೆಯಲ್ಲ, ಯಾಕಂದ್ರೆ ಉತ್ತರ ಹೆಚ್ಚುಕಮ್ಮಿ ಒಂದೇ ಥರ ಇತ್ತು. "ಅಂಥವರನ್ನ ಯಾಕೆ ಕರ್ಕೊಂಡು ಬರ್ತೀರ ಮೇಡಂ, ರಿಸ್ಕ್ ಅಲ್ವಾ?" ಇಬ್ಬರು ಹಿಂಗಂದ್ರು. ಒಬ್ಬರು "ದಡದಲ್ಲಿ ಕೂರಿಸಿ, ನೀವು ಹೋಗಿ ಬನ್ನಿ, ವಿಡಿಯೋ ತೋರಿಸಿ" ಅಂದ್ರು. ಮೂವರು "ಏನೂ ತೊಂದ್ರೆ ಇಲ್ಲ, ನಮ್ಮ ಹುಡುಗರು ಎತ್ತಿ ಹಾಕ್ತಾರೆ" ಅಂದ್ರು. ಉಳಿದವರಲ್ಲಿ ಇಬ್ಬರು ಗಾಲಿಕುರ್ಚಿ ಅಂದ ತಕ್ಷಣ ಫೋನ್ ಇಟ್ಟರು.

"ಎತ್ತಿ ಹಾಕ್ತಾರೆ" ಅನ್ನೋದು ನನಗೆ ಒಳ್ಳೆ ಉತ್ತರ ಅನ್ನಿಸ್ತು. ಚಿಕ್ಕಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟು: "ಮುಟ್ಟಬೇಡ ಅಂದವರನ್ನ ನೋಡಿದೀನಿ. ಈಗ ಕೇಳದೇ ಮುಟ್ಟೋರನ್ನ ನೋಡ್ತಿದೀನಿ. ಬಸ್ಸಲ್ಲಿ, ಆಸ್ಪತ್ರೇಲಿ, ಎಲ್ಲಾ ಕಡೆ ಕಂಕುಳಿಗೆ ಕೈ ಹಾಕಿ ಎತ್ತೇಬಿಡ್ತಾರೆ. ನಾನೇನು ಮೂಟೆನಾ? ಮೂಟೆಗಾದ್ರೂ ಹಲಗೆ ಹಾಕ್ತಾರೆ ಕಣವ್ವ."

ಈ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಮಂಡಿ ಯಾರ್ಡಿಗೆ ಹೋಗಿ ನೋಡಿ. ಲಾರಿ ಹಿಂಬದಿ ಎತ್ತರಕ್ಕೆ ಸರಿಯಾಗಿ ಕಟ್ಟೆ ಕಟ್ಟಿರ್ತಾರೆ. ಕಟ್ಟೆ ಇಲ್ಲದ ಕಡೆ ಹಲಗೆ ಒರಗಿಸ್ತಾರೆ. ಮೀನಿನ ಬಂದರಲ್ಲಿ ಐಸ್ ಪೆಟ್ಟಿಗೆ ಇಳಿಸೋಕೆ ವ್ಯವಸ್ಥೆ ಇರುತ್ತೆ. ಗೋದಾಮಿಗೆ ಇಳಿಜಾರು ಇರುತ್ತೆ. ಸರಕು ಹತ್ತಬೇಕು, ಇಳೀಬೇಕು, ಅದಕ್ಕೆ ದುಡ್ಡು ಇದೆ. ಆ ಸರಕು ಹೊತ್ತು ಬೆನ್ನು ಮುರ್ಕೊಂಡ ಮನುಷ್ಯ ಹತ್ತಬೇಕು ಅಂದಾಗ ಮಾತ್ರ "ವ್ಯವಸ್ಥೆ ಇಲ್ಲ".

9ನೇ ಫೋನು ಒಬ್ಬ ಬೋಟಿನವರದ್ದು, ಮೀನುಗಾರರ ಮನೆಯವರು. ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಪ್ರಶ್ನೆ ಕೇಳಿದರು. ಕುರ್ಚಿ ಅಗಲ ಎಷ್ಟು? ಅವರ ತೂಕ ಎಷ್ಟು? ಒರಗದೇ ಕೂರ್ತಾರಾ? ಕೈಯಲ್ಲಿ ಬಲ ಇದೆಯಾ? ಆಮೇಲೆ ಹೇಳಿದರು: "ಅಕ್ಕಾ, ಇಳಿತದ ಹೊತ್ತಲ್ಲಿ ಬೋಟು ಧಕ್ಕೆಯಿಂದ ಮೂರು ಮೂರೂವರೆ ಅಡಿ ಕೆಳಗೆ ಹೋಗುತ್ತೆ. ಆಗ ಯಾರು ಬಂದ್ರೂ ಆಗಲ್ಲ. ಉಬ್ಬರದ ಹೊತ್ತಿಗೆ ಬನ್ನಿ, ಅರ್ಧ ಅಡಿ ವ್ಯತ್ಯಾಸ ಇರುತ್ತೆ. ಶನಿವಾರ ಭಾನುವಾರ ಬೇಡ, ಜನ ಜಾಸ್ತಿ. ವಾರದ ಮಧ್ಯೆ ಬನ್ನಿ, ಆತುರ ಇರಲ್ಲ."

ಒಂದು ವಾಹನದ ಬಾಗಿಲು ದಿನಕ್ಕೆ ಎರಡು ಸಲ ಮೇಲೆ ಕೆಳಗೆ ಆಗುತ್ತೆ ಅನ್ನೋದು ನಮ್ಮ ಬಯಲುಸೀಮೆಯವರಿಗೆ ಹೆಂಗೆ ಹೊಳೀಬೇಕು? ನಾನು ಲೆಕ್ಕ ಹಾಕಿದೆ. ಇಳಿಜಾರಿಗೆ ನಿಯಮ ಇದೆ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಇಳಿತದಲ್ಲಿ 3 ಅಡಿಗೆ 36 ಅಡಿ ಹಲಗೆ ಬೇಕು, ಅದು ಆಗದ ಮಾತು. ಉಬ್ಬರದಲ್ಲಿ ಅರ್ಧ ಅಡಿಗೆ 6 ಅಡಿ ಸಾಕು. ಅವರ ಹತ್ತಿರ 8 ಅಡಿ ಹಲಗೆ ಇತ್ತು.

ಡಿಸೆಂಬರಲ್ಲಿ ಹೋದ್ವಿ. ಮಳೆಗಾಲದಲ್ಲಿ ಈ ಬೋಟುಗಳು ಇರಲ್ಲ. ಯಶವಂತಪುರದಿಂದ ರಾತ್ರಿ ರೈಲು, ಪಂಚಗಂಗಾ. ಅಂಗವಿಕಲರ ರಿಯಾಯಿತಿ ಇದ್ದವರಿಗೆ ಸ್ಲೀಪರಲ್ಲಿ ಮುಕ್ಕಾಲು ಭಾಗ ಕಡಿತ, ಜೊತೆಗೆ ಹೋಗೋ ಒಬ್ಬರಿಗೂ ಅಷ್ಟೇ. ಇದು ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿಲ್ಲ, ಕಾರ್ಡು ಮಾಡಿಸ್ಕೊಳ್ಳಿ.

ಧಕ್ಕೆಯಲ್ಲಿ ಚಿಕ್ಕಪ್ಪನೇ ಮೇಸ್ತ್ರಿ ಆದರು. ಹಲಗೆ ನೋಡಿದ ತಕ್ಷಣ "ಒದ್ದೆ ಐತೆ, ಜಾರುತ್ತೆ, ಗೋಣಿತಾಟು ಹಾಸಿ" ಅಂದ್ರು. ಹಲಗೆಯ ಎರಡೂ ತುದಿ ಅಲ್ಲಾಡದಂಗೆ ಹಗ್ಗ ಹಾಕಿಸಿದರು. ಕುರ್ಚಿಯನ್ನ ಹಿಂದುಮುಂದಾಗಿ ಇಳಿಸಬೇಕು, ಹಿಂದೆ ಒಬ್ಬರು, ಮುಂದೆ ಒಬ್ಬರು, "ನಾನು ಹೂಂ ಅಂದಾಗ ಬಿಡಿ, ನಿಲ್ಸಿ ಅಂದಾಗ ನಿಲ್ಸಿ." ಬೋಟಿನ ಹುಡುಗರು ಹೇಳಿದಂಗೆ ಕೇಳಿದರು. 25 ವರ್ಷ ಹಲಗೆ ಮೇಲೆ ಓಡಾಡಿದ ಮನುಷ್ಯನಿಗೆ ಹಲಗೆ ಬಗ್ಗೆ ಯಾವ ಇಂಜಿನಿಯರ್ ಪಾಠ ಹೇಳಬೇಕು? ಎರಡು ನಿಮಿಷದ ಕೆಲಸ. ಯಾರೂ ಎತ್ತಲಿಲ್ಲ, ಯಾರೂ ಅಯ್ಯೋ ಪಾಪ ಅನ್ನಲಿಲ್ಲ.

ಡಾಲ್ಫಿನ್ ಮೂರು ಸಲ ಕಾಣಿಸ್ತು. ಬೂದು ಬೆನ್ನು, ಮೇಲೊಂದು ಸಣ್ಣ ಗುಡ್ಡೆ, ಒಂದು ಸಲ ಬುಸ್ ಅಂತ ಉಸಿರು. ಬೋಟಿನವರು ದೂರದಲ್ಲೇ ಇಂಜಿನ್ ನಿಲ್ಲಿಸಿದರು, ಅಟ್ಟಿಸ್ಕೊಂಡು ಹೋಗಲಿಲ್ಲ. ವನ್ಯಜೀವಿ ಕಾಯ್ದೆಯ ಮೊದಲನೇ ಪರಿಶಿಷ್ಟದಲ್ಲಿರೋ ಪ್ರಾಣಿ ಅದು. ಅಟ್ಟಿಸ್ಕೊಂಡು ಹೋಗದ ಬೋಟು ಕುಲುಕೋದೂ ಕಮ್ಮಿ, ಬೆನ್ನಿಗೆ ಅದೇ ಒಳ್ಳೇದು. "ಉಸಿರಿಗೆ ಮೇಲೆ ಬರ್ತವಾ?" ಅಂತ ಚಿಕ್ಕಪ್ಪ ಕೇಳಿದರು. ಮಗಳು "ಹೂಂ ತಾತ" ಅಂದಳು. ಆಮೇಲೆ ಬೋಟಿನವರ ಕಡೆ ತಿರುಗಿ, ಬಂದರಲ್ಲಿ ಹಮಾಲಿಗಳಿಗೆ ದಿನಕ್ಕೆ ಎಷ್ಟು ಕೊಡ್ತಾರೆ, ಸಂಘ ಇದೆಯಾ ಅಂತ ವಿಚಾರಿಸೋಕೆ ಶುರು ಮಾಡಿದರು.

ಒಂದು ವಿಷಯ ಮಾತ್ರ ನನಗೆ ಸಂಜೆ ಗೊತ್ತಾಯ್ತು. ಹಿಂದಿನ ದಿನ ಮಧ್ಯಾಹ್ನದಿಂದ ಅವರು ಸರಿಯಾಗಿ ನೀರೇ ಕುಡಿದಿರಲಿಲ್ಲ. ರೈಲಿನ ಶೌಚಾಲಯಕ್ಕೆ ಕುರ್ಚಿ ಹೋಗುತ್ತೋ ಇಲ್ಲವೋ, ಬೋಟಲ್ಲಂತೂ ಇಲ್ಲ, ಯಾರಿಗೂ ತೊಂದರೆ ಬೇಡ ಅಂತ. ಅವರೊಬ್ಬರ ಕಥೆ ಅಲ್ಲ ಇದು. ಗಾಲಿಕುರ್ಚಿಯಲ್ಲಿರೋರನ್ನ ಕೇಳಿ ನೋಡಿ, ಊರು ಬಿಟ್ಟು ಹೊರಡೋ ದಿನ ಬಾಯಾರಿಕೆ ತಡ್ಕೊಳ್ಳೋದು ಎಷ್ಟೋ ಜನಕ್ಕೆ ರೂಢಿಯಾಗಿದೆ. ನೀರು ಮುಟ್ಟೋಕೆ ಬಿಡದ ಕಾಲ ಮುಗೀತು ಅಂತೀವಿ. ನೀರು ಕುಡಿಯೋಕೆ ಹೆದರೋ ಕಾಲ ನಮ್ಮ ಮನೆಯೊಳಗೇ ಇದೆ.

ಈಗ ಕಾನೂನಿನ ವಿಷಯ. ಸಂವಿಧಾನದ 15(2) ನಮಗೆಲ್ಲ ಬಾಯಿಪಾಠ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಅದರಲ್ಲೇ ಸಾರ್ವಜನಿಕ ಮನರಂಜನೆಯ ಸ್ಥಳಗಳು ಅಂತಲೂ ಇದೆ. ಬಡವರಿಗೆ, ದಲಿತರಿಗೆ ಮನರಂಜನೆ ಯಾಕೆ ಅಂತ ಕೇಳೋರಿಗೆ ಉತ್ತರ ಅಲ್ಲೇ ಇದೆ. ಇನ್ನೊಂದು ಗಮನಿಸಿ: ಇಂಗ್ಲಿಷ್ ಪಠ್ಯದಲ್ಲಿ ಆ ವಿಧಿ ತಡೆಯೋದು ಯಾವುದನ್ನ? "ಡಿಸೆಬಿಲಿಟಿ"ಯನ್ನ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತೀವಲ್ಲ, ಅದರ 4ನೇ ಸೆಕ್ಷನ್ ಶಿಕ್ಷೆ ಕೊಡೋದು "ಸೋಶಿಯಲ್ ಡಿಸೆಬಿಲಿಟಿ" ಹೇರೋದಕ್ಕೆ. ಅಂದ್ರೆ ಅಸಾಮರ್ಥ್ಯ ನಮ್ಮ ಮೈಯಲ್ಲಿ ಇಲ್ಲ, ಎದುರುಗಡೆ ಇರೋರು ನಮ್ಮ ಮೇಲೆ ಹೇರೋದು ಅದು ಅಂತ ಕಾನೂನೇ ಒಪ್ಪಿತ್ತು. 1927ರ ಮಾರ್ಚ್ 20ಕ್ಕೆ ಮಹಾಡಿನ ಚವದಾರ್ ಕೆರೆ ನೀರು ಮುಟ್ಟಿದಾಗ ಬಾಬಾಸಾಹೇಬರು ತೋರಿಸಿದ್ದೂ ಅದನ್ನೇ. ಚಿಕ್ಕಪ್ಪನ ಕಾಲು ಇವತ್ತಿಗೂ ಹಂಗೇ ಇದೆ. ಹಲಗೆ ಹಾಕಿದ ದಿನ ಬೋಟು ಹತ್ತಿದರು, ಹಾಕದಿದ್ದರೆ ದಡದಲ್ಲಿರ್ತಿದ್ದರು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಸಾರಿಗೆ ಅಂದರೆ ಜಲ ಸಾರಿಗೆಯೂ ಸೇರಿದೆ. ಸಾರ್ವಜನಿಕ ಸೇವೆ ಅಂದರೆ ವಿರಾಮ, ಮನರಂಜನೆಯೂ ಸೇರಿದೆ. ಸೆಕ್ಷನ್ 46ರಲ್ಲಿ ಸರ್ಕಾರಿ ಸೇವೆ, ಖಾಸಗಿ ಸೇವೆ ಎರಡಕ್ಕೂ ಗಡುವು ಇತ್ತು, ನಿಯಮ ಬಂದು 2 ವರ್ಷ. ನಿಯಮ ಬಂದಿದ್ದು 2017ರಲ್ಲಿ, ಲೆಕ್ಕ ನೀವೇ ಹಾಕಿ. ಇಷ್ಟಾದರೂ ಮಾನದಂಡಗಳು ಬರೀ ಸಲಹೆ ಥರ ಇವೆ, ಕಡ್ಡಾಯ ಆಗಬೇಕು ಅಂತ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ಕ್ಕೆ ಹೇಳಬೇಕಾಯ್ತು. ಇಳಿಜಾರು ಕೊಡೋಕೆ ಆಗದವರು ಹೆಸರು ಮಾತ್ರ ಚೆನ್ನಾಗಿ ಕೊಟ್ಟಿದ್ದಾರೆ, "ದಿವ್ಯಾಂಗ" ಅಂತ. ನಮಗೆ "ಹರಿಜನ" ಅಂತ ಕೊಟ್ಟಿದ್ದರಲ್ಲ, ಅದೇ ಅಂಗಡಿ ಮಾಲು.

ನನ್ನ ನೋಟ್‌ಬುಕ್ಕಿನ ಕಲಂಗಳನ್ನ ಇಲ್ಲಿ ಹಾಕ್ತಿದೀನಿ. ಬೋಟು ಎಲ್ಲಿದಾದರೂ ಸರಿ, ದುಡ್ಡು ಕಟ್ಟೋ ಮುಂಚೆ ಕೇಳಿ:

1. ವಾಹನ ನಿಲ್ಲೋ ಜಾಗದಿಂದ ಬೋಟಿನವರೆಗೆ ಎಷ್ಟು ದೂರ? ಮರಳಾ, ಮೆಟ್ಟಿಲಾ, ಸಿಮೆಂಟಾ? ಫೋಟೋ ಕಳಿಸಿ ಅನ್ನಿ.
2. ಆ ದಿನ ಉಬ್ಬರ ಎಷ್ಟು ಹೊತ್ತಿಗೆ? ಹತ್ತೋದು ಮಾತ್ರ ಅಲ್ಲ, ವಾಪಸ್ ಇಳಿಯೋ ಹೊತ್ತಿಗೆ ನೀರು ಎಲ್ಲಿರುತ್ತೆ?
3. ಹಲಗೆ ಇದೆಯಾ? ಎಷ್ಟು ಅಡಿ, ಎಷ್ಟು ಅಗಲ? ಪಕ್ಕದಲ್ಲಿ ಹಿಡಿ ಇದೆಯಾ?
4. ಕುರ್ಚಿ ಸಮೇತ ಕೂರಬಹುದಾ? ಕಟ್ಟೋಕೆ ಕೊಂಡಿ ಇದೆಯಾ? ಇಲ್ಲದಿದ್ದರೆ ಒರಗು ಇರೋ ಸೀಟು ಇದೆಯಾ?
5. ಲೈಫ್ ಜಾಕೆಟ್ ತಲೆಗೆ ಆಸರೆ ಕೊಡೋ ಥರದ್ದಾ? ಕೂತಲ್ಲೇ ಹಾಕಿ ನೋಡಬೇಕು.
6. ಶೌಚಾಲಯ ಎಲ್ಲಿ, ಬಾಗಿಲು ಎಷ್ಟು ಅಗಲ? ಬೋಟಲ್ಲಿ ಇಲ್ಲ ಅಂದರೆ ಒಂದು ಗಂಟೆಗಿಂತ ಜಾಸ್ತಿ ಪ್ರಯಾಣ ಬೇಡ.
7. ನೆರಳು ಇದೆಯಾ?
8. ಕೊನೇದು, ಮುಖ್ಯವಾದದ್ದು: ಎತ್ತೋ ಮುಂಚೆ ಅವರನ್ನೇ ಕೇಳ್ತೀರಾ?

ಎಂಟನೇ ಪ್ರಶ್ನೆಗೆ ನಗೋರ ಬೋಟು ಬೇಡ.

ಪ್ರವಾಸೋದ್ಯಮ ಇಲಾಖೆಗೆ ಒಂದು ಮನವಿ ಟೈಪ್ ಮಾಡಿದೀನಿ. ಸರ್ಕಾರಿ ಜಾಗದಿಂದ ಹೊರಡೋ ಪ್ರತಿ ಬೋಟಿಂಗ್ ಪಾಯಿಂಟಲ್ಲೂ ಹಲಗೆ, ಹಿಡಿ, ಶೌಚಾಲಯ ಲೈಸೆನ್ಸಿನ ಷರತ್ತಾಗಬೇಕು, ಉಬ್ಬರದ ಹೊತ್ತು ಬೋರ್ಡಲ್ಲಿ ಬರೀಬೇಕು. ಪ್ರತಿ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ನಿಮ್ಮ ನಿಮ್ಮ ಜಿಲ್ಲೆಯಿಂದಲೂ ಕಳಿಸಿ.

ಇನ್ನೊಂದು ಮಾತು ನಮ್ಮೊಳಗೇ. ನೆಲಮಂಗಲ, ಹೊಸಕೋಟೆ, ದೇವನಹಳ್ಳಿ, ನಮ್ಮ ದೊಡ್ಡಬಳ್ಳಾಪುರ, ಎಲ್ಲೇ ಸಭೆ ಆದರೂ ಚಿಕ್ಕಪ್ಪನನ್ನ "ಹಿರಿಯ ಹೋರಾಟಗಾರರು" ಅಂತ ಕರೀತಾರೆ, ಹಾಲ್ ಮೊದಲನೇ ಮಹಡಿಯಲ್ಲಿರುತ್ತೆ. ಸ್ಟೇಜ್ ಕೆಳಗೇ ಶಾಲು ಹೊದಿಸಿ ಕಳಿಸ್ತಾರೆ. ಏಪ್ರಿಲ್ 14ಕ್ಕೆ ಸ್ಟೇಜ್ ಹಾಕಿಸೋರು ಶಾಮಿಯಾನದವರಿಗೆ ಅಡ್ವಾನ್ಸ್ ಕೊಡುವಾಗಲೇ ಹೇಳಿಬಿಡಿ. ಒಂದು ಅಡಿ ಎತ್ತರಕ್ಕೆ 12 ಅಡಿ ಹಲಗೆ. ಮೇಲೆ ಗೋಣಿತಾಟು. ಅಳತೆಯಲ್ಲಿ ಅನುಮಾನ ಬಂದರೆ ಚಿಕ್ಕಪ್ಪನಿಗೆ ಫೋನ್ ಮಾಡಿಸ್ತೀನಿ, ಬಂದು ನಿಂತು ಅಲ್ಲ, ಕೂತು ಮಾಡಿಸಿಕೊಡ್ತಾರೆ.

ಜೈಭೀಮ್.