ಬರ್ಫರ್ಡಿನ ಸ್ಪೀಕರ್

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅರಮನೆಯಲ್ಲಿ ಸೇಂಟ್ ಸ್ಟೀಫನ್ಸ್ ಹಾಲ್ ಎಂಬ ನೀಳವಾದ ಹಜಾರವಿದೆ. ಪ್ರತಿಮೆಗಳನ್ನೂ ಗೋಡೆಯ ಚಿತ್ರಗಳನ್ನೂ ನೋಡುತ್ತ ಸಾಗುವ ಪ್ರವಾಸಿಗರು ನೆಲದಲ್ಲಿ ಹುದುಗಿಸಿದ ಹಿತ್ತಾಳೆಯ ಮೊಳೆಗಳನ್ನು ಗಮನಿಸುವುದು ಅಪರೂಪ. 1834ರ ಬೆಂಕಿಗೆ ಆಹುತಿಯಾದ ಹಳೆಯ ಕಾಮನ್ಸ್ ಸಭೆಯಲ್ಲಿ ಸ್ಪೀಕರರ ಪೀಠವಿದ್ದ ಸ್ಥಳ ಅದು.

1642ರ ಜನವರಿ 4ರಂದು ಒಂದನೆಯ ಚಾರ್ಲ್ಸ್ ದೊರೆಯು ಆಯುಧಪಾಣಿಗಳನ್ನು ಹೊರಗೆ ನಿಲ್ಲಿಸಿ, ಐವರು ಸದಸ್ಯರನ್ನು ಸೆರೆಹಿಡಿಯಲು ಈ ಸಭೆಗೆ ಬಂದನು. ಸ್ಪೀಕರ್ ವಿಲಿಯಂ ಲೆಂಥಾಲನಿಂದ ಪೀಠವನ್ನು ಎರವಲು ಕೇಳಿ, ಅದರ ಮುಂದೆ ನಿಂತು ಸುತ್ತ ಕಣ್ಣಾಡಿಸಿದನು. ಆ ಐವರು ಆಗಲೇ ಥೇಮ್ಸ್ ನದಿಯಲ್ಲಿ ದೋಣಿಯೇರಿ ಪಾರಾಗಿದ್ದರು. ಅವರೆಲ್ಲಿ ಎಂದು ಕೇಳಿದ ದೊರೆಯೆದುರು ಲೆಂಥಾಲ್ ಮೊಣಕಾಲೂರಿ, ತಾನು ಸಭೆಯ ಸೇವಕನೆಂದೂ ಅದರ ಅಪ್ಪಣೆಯಿಲ್ಲದೆ ಇಲ್ಲಿ ನೋಡಲು ತನಗೆ ಕಣ್ಣಿಲ್ಲ, ಆಡಲು ನಾಲಗೆಯಿಲ್ಲವೆಂದೂ ಬಿನ್ನವಿಸಿದನು. ಅಂದಿನಿಂದ ಕಾಮನ್ಸ್ ಕಲಾಪದ ನಡುವೆ ಯಾವ ದೊರೆಯೂ ರಾಣಿಯೂ ಒಳಗೆ ಕಾಲಿಟ್ಟಿಲ್ಲ.

ಕಥೆ ಇಷ್ಟೇ ಆಗಿದ್ದರೆ ಲೆಂಥಾಲನನ್ನು ವೀರರ ಸಾಲಿಗೆ ಸೇರಿಸಿ ಮುಂದೆ ನಡೆಯಬಹುದಿತ್ತು. ಅವನನ್ನು ಪೂರ್ಣವಾಗಿ ಅರಿಯಬೇಕಾದವರು ಆಕ್ಸ್‌ಫರ್ಡ್‌ಶೈರಿನ ಬರ್ಫರ್ಡ್ ಎಂಬ ಊರಿಗೆ ಹೋಗಬೇಕು. ಅಲ್ಲಿ ಜೇನುಬಣ್ಣದ ಕಲ್ಲಿನ ಮನೆಗಳ ನಡುವೆ ಪೇಟೆಬೀದಿಯು ವಿಂಡ್ರಷ್ ಎಂಬ ಚಿಕ್ಕ ಹೊಳೆಯ ಹಳೆಯ ಸೇತುವೆಯವರೆಗೆ ಇಳಿಯುತ್ತದೆ. ವಕೀಲಿಯಲ್ಲಿ ಹೆಸರು ಮಾಡಿದ್ದ ಲೆಂಥಾಲ್ ಇಲ್ಲಿಯ 'ಪ್ರಯರಿ' ಬಂಗಲೆಯನ್ನು ಕೊಂಡಿದ್ದನು. ಊರಿನ ಚರ್ಚಿನಲ್ಲಿ, ದೀಕ್ಷಾಸ್ನಾನದ ತೊಟ್ಟಿಯ ಸೀಸದ ಮೇಲೆ, ಕೈದಿಯೊಬ್ಬನು ಕೊರೆದ ಹೆಸರೂ 1649 ಎಂಬ ಇಸವಿಯೂ ಇಂದಿಗೂ ಇವೆ. ಆ ವರ್ಷ ಜನವರಿಯಲ್ಲಿ ದೊರೆಯ ಶಿರಚ್ಛೇದವಾಯಿತು. ಮೇ ತಿಂಗಳಲ್ಲಿ ಕ್ರಾಮ್‌ವೆಲ್ ದಂಗೆಯೆದ್ದ ತನ್ನವರೇ ಆದ ಸೈನಿಕರನ್ನು ಈ ಚರ್ಚಿನಲ್ಲಿ ಕೂಡಿಹಾಕಿ, ಮೂವರನ್ನು ಗುಂಡಿಕ್ಕಿ ಕೊಲ್ಲಿಸಿದನು. ಆಗಲೂ ಸ್ಪೀಕರನ ಪೀಠದಲ್ಲಿದ್ದವನು ಲೆಂಥಾಲನೇ.

1660ರಲ್ಲಿ ರಾಜಮನೆತನ ಮರಳಿತು. ಹಿಂದಿನ ದೊರೆಗೆ ಮರಣದಂಡನೆ ವಿಧಿಸಿದವರಲ್ಲೊಬ್ಬನಾದ ತಾಮಸ್ ಸ್ಕಾಟನ ವಿಚಾರಣೆಯಲ್ಲಿ, ಅವನು ಸಭೆಯೊಳಗೆ ಆಡಿದ್ದ ಮಾತುಗಳಿಗೆ ಲೆಂಥಾಲ್ ಸಾಕ್ಷಿ ನುಡಿದನು. ಸಭೆಯ ಮಾತನ್ನು ಹೊರಗೆ ಸಾಕ್ಷ್ಯವಾಗಿಸಬಾರದೆಂಬ ಸ್ಕಾಟನ ವಾದ ಫಲಿಸಲಿಲ್ಲ, ಅವನನ್ನು ಕೊಂದರು. ಕಣ್ಣಿಲ್ಲ, ನಾಲಗೆಯಿಲ್ಲ ಎಂದಿದ್ದವನಿಗೆ ಹದಿನೆಂಟು ವರ್ಷಗಳ ಮೇಲೆ ಎರಡೂ ಬಂದಿದ್ದವು! ಪ್ರಾಣಭಯವಿದ್ದಿತೆನ್ನಬಹುದು, 1642ರಲ್ಲಿಯೂ ಅದೇನು ಕಡಮೆಯಿರಲಿಲ್ಲ.

1662ರಲ್ಲಿ ಅವನು ಬರ್ಫರ್ಡಿನಲ್ಲಿಯೇ ತೀರಿಕೊಂಡನು. ದೊರೆಯ ವಧೆಗೆ ತಾನು ಒಪ್ಪಿರಲಿಲ್ಲವಾದರೂ, ಬೈಬಲಿನಲ್ಲಿ ಸ್ತೆಫನನನ್ನು ಕಲ್ಲೆಸೆದು ಕೊಂದವರ ಬಟ್ಟೆಗಳನ್ನು ಕಾದು ನಿಂತ ಸೌಲನಂತೆ ತಾನೂ ನಿಂತಿದ್ದೆನೆಂದು ಮರಣಶಯ್ಯೆಯಲ್ಲಿ ಹೇಳಿಕೊಂಡನು. ಸಮಾಧಿಗೆ ಆಡಂಬರ ಬೇಡ, ಲ್ಯಾಟಿನ್ನಿನ ಎರಡೇ ಪದಗಳು ಸಾಕು ಎಂಬುದು ಅವನ ಇಚ್ಛೆಯಾಗಿತ್ತು: 'ವರ್ಮಿಸ್ ಸುಮ್', ನಾನೊಂದು ಹುಳು.