ನೆನಪಿಗೊಂದು ಜೋಡಿ

ಮಡಿವಾಳದ ಮಾರುಕಟ್ಟೆಯಲ್ಲಿ ತೆಂಗಿನಕಾಯಿ ಕೊಳ್ಳುವವರು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸದೆ ಚೀಲಕ್ಕೆ ಹಾಕುವುದಿಲ್ಲ. ಬದನೆಕಾಯಿಯ ತೊಟ್ಟು ನೋಡುತ್ತಾರೆ, ಬೆಂಡೆಕಾಯಿಯ ತುದಿ ಮುರಿಯುತ್ತಾರೆ. ಇಷ್ಟು ಜಾಣರಾದ ಜನರೇ ಕಂಪ್ಯೂಟರಿಗೆ ರ‍್ಯಾಮ್ ಕೊಳ್ಳುವಾಗ ಮಾತ್ರ ‘ನಾಲ್ಕು ಜಿಬಿ ಕೊಡಿ’ ಎಂದು ಒಂದೇ ಮಾತಿನಲ್ಲಿ ವ್ಯಾಪಾರ ಮುಗಿಸುತ್ತಾರೆ. ನಾಲ್ಕು ಜಿಬಿ ಎಂಬುದು ಅಳತೆಯೇ ಹೊರತು ವಸ್ತುವಿನ ಹೆಸರಲ್ಲ. ದಿನಸಿ ಅಂಗಡಿಯಲ್ಲಿ ‘ಒಂದು ಸೇರು ಕೊಡಿ’ ಎಂದರೆ, ಅಕ್ಕಿಯೋ ರಾಗಿಯೋ ಎಂದು ಅಂಗಡಿಯವನು ಕೇಳದಿರುತ್ತಾನೆಯೆ?

ಮಡಿವಾಳದ ಒಳಬೀದಿಯ ಮನೆಯೊಂದರಲ್ಲಿ ಈ ಪ್ರಶ್ನೆ ತಡವಾಗಿ ಎದ್ದಿತು. ತಂದೆ ಹೊಲಿಗೆ ಕೆಲಸದವರು. ಮಗಳು ಪದವಿ ತರಗತಿಯ ವಿದ್ಯಾರ್ಥಿನಿ. ಮನೆಯಲ್ಲಿದ್ದುದು ಹತ್ತು ವರ್ಷ ದಾಟಿದ ಒಂದು ಡೆಸ್ಕ್‌ಟಾಪ್; ಅದರಲ್ಲಿ 4 ಜಿಬಿ ರ‍್ಯಾಮ್. ಪಾಠದ ಪುಟ ತೆರೆದರೆ ಬರೆಯುತ್ತಿದ್ದ ಕಡತ ಸ್ತಬ್ಧವಾಗುತ್ತಿತ್ತು. ಹೊಸ ಯಂತ್ರಕ್ಕೆ ಹಣವಿಲ್ಲ. ಹಳೆಯದು ಚುರುಕಾಗದಿದ್ದರೆ ಆ ವರ್ಷದ ಪ್ರಾಜೆಕ್ಟು ಮುಗಿಯುವಂತಿಲ್ಲ. ಸೋದರಮಾವ ಎಲ್ಲಿಯೋ ಕೇಳಿ, ಕಳಚಿಟ್ಟಿದ್ದ ಒಂದು ರ‍್ಯಾಮ್ ತಂದುಕೊಟ್ಟ. ತಂದೆ ಪೆಟ್ಟಿಗೆಯ ಮುಚ್ಚಳ ತೆಗೆದು ಅದನ್ನು ಖಾಲಿ ಸ್ಲಾಟಿನ ಮೇಲಿಟ್ಟು ಒತ್ತಿದರು. ಕೂರಲಿಲ್ಲ. ತಿರುಗಿಸಿ ಇಟ್ಟರು; ಆಗಲೂ ಕೂರಲಿಲ್ಲ. ಹೆಬ್ಬೆರಳಿನ ಬಲ ಏರುತ್ತಿರುವುದನ್ನು ಕಂಡ ಮಗಳು, “ಅಪ್ಪ, ಒತ್ತಬೇಡಿ. ಇದು ಬೇರೆ ತರಹದ್ದು, ಕಚ್ಚು ನೋಡಿ” ಎಂದಳು.

ರ‍್ಯಾಮ್ ಹಲಗೆಯ ಕೆಳ ಅಂಚಿನಲ್ಲಿ ಹೊಂಬಣ್ಣದ ಪಿನ್ನುಗಳ ಸಾಲು ಇರುತ್ತದೆ; ಸಾಲಿನ ನಡುವೆ ಒಂದು ಸಣ್ಣ ಕಚ್ಚು. ನೋಡುವವರಿಗೆ ಅದು ಮುರಿದ ಗುರುತಿನಂತೆ ಕಾಣಬಹುದು. ನಿಜವಾಗಿ ಅದೊಂದು ಕಾವಲು. ಡಿಡಿಆರ್3 ತಲೆಮಾರಿನ ಹಲಗೆಗೆ 240 ಪಿನ್ನುಗಳು, 1.5 ವೋಲ್ಟ್ ವಿದ್ಯುತ್ತು. ಡಿಡಿಆರ್4ಕ್ಕೆ 288 ಪಿನ್ನುಗಳು, 1.2 ವೋಲ್ಟ್, ಡಿಡಿಆರ್5ಕ್ಕೂ ಪಿನ್ನುಗಳು 288, ಆದರೆ ವಿದ್ಯುತ್ತು 1.1 ವೋಲ್ಟ್. ಜೆಡೆಕ್ ಎಂಬ ಮಾನಕ ಸಂಸ್ಥೆ ಇವುಗಳ ನಿಯಮಗಳನ್ನು ಕ್ರಮವಾಗಿ 2007, 2012 ಮತ್ತು 2020ರಲ್ಲಿ ಪ್ರಕಟಿಸಿತು. ಒಂದರ ಸ್ಥಾನದಲ್ಲಿ ಇನ್ನೊಂದು ಕೂರಬಾರದೆಂದೇ ಪ್ರತಿ ತಲೆಮಾರಿಗೂ ಕಚ್ಚಿನ ಜಾಗವನ್ನು ಕೊಂಚ ಸರಿಸಿದ್ದಾರೆ. ಅಡ್ಡಿಯನ್ನೇ ಉಪಕಾರವಾಗಿ ರೂಪಿಸಿದ ಈ ಬುದ್ಧಿವಂತಿಕೆ ಮೆಚ್ಚತಕ್ಕದ್ದು. ಹೆಬ್ಬೆರಳು ಗೆದ್ದಿದ್ದರೆ ಸ್ಲಾಟೇ ಬಿರುಕು ಬಿಡುತ್ತಿತ್ತು.

ಮನೆಯ ಯಂತ್ರ ಡಿಡಿಆರ್3ರ ಕಾಲದ್ದು. ಸೋದರಮಾವ ತಂದುದು ಡಿಡಿಆರ್4.

ಆದರೆ ಕಚ್ಚು ಎಲ್ಲವನ್ನೂ ಹೇಳುವುದಿಲ್ಲ. ದೊಡ್ಡ ಸರ್ವರುಗಳಿಂದ ಕಳಚಿದ ‘ರಿಜಿಸ್ಟರ್ಡ್’ ಎಂಬ ಬಗೆಯ ಡಿಡಿಆರ್3 ಹಲಗೆಗಳಿವೆ. ಅವು ಮನೆಯ ಯಂತ್ರದ ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತವೆ, ಆದರೆ ಸಾಮಾನ್ಯ ಯಂತ್ರ ಅವುಗಳಿಂದ ನಡೆಯುವುದಿಲ್ಲ. ಇಲ್ಲಿ ಹಲಗೆಗೆ ಅಂಟಿಸಿದ ಚೀಟಿಯೇ ಸಾಕ್ಷಿ. ‘ಪಿಸಿ3-12800’ ಎಂದಿದ್ದರೆ ಅದು ಡಿಡಿಆರ್3, ವೇಗ 1600 ಎಂದು ತಿಳಿಯಬೇಕು. 1600ನ್ನು ಎಂಟರಿಂದ ಗುಣಿಸಿದರೆ ಬರುವ ಸಂಖ್ಯೆಯೇ 12800. ಅದರ ಮುಂದೆ ‘ಆರ್’ ಅಕ್ಷರವಿದ್ದರೆ ಸರ್ವರಿನದು, ‘ಯು’ ಇದ್ದರೆ ಮನೆಯ ಯಂತ್ರಕ್ಕೆ ತಕ್ಕುದು. ವೇಗ ಬೇರೆಯಾದ ಎರಡು ಹಲಗೆಗಳನ್ನು ಕೂಡಿಸಿದರೆ ಸಾಮಾನ್ಯವಾಗಿ ಎರಡೂ ನಿಧಾನದ್ದರ ಹೆಜ್ಜೆಗೆ ಇಳಿಯುತ್ತವೆ. ಎತ್ತಿನ ಜೋಡಿ ಕಟ್ಟಿದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನು ಮದರ್‌ಬೋರ್ಡಿನ ಮಿತಿಯೊಂದಿದೆ: ಪ್ರತಿ ಸ್ಲಾಟಿಗೆ ಎಷ್ಟು, ಒಟ್ಟು ಎಷ್ಟು ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ವಿಂಡೋಸ್ 32 ಬಿಟ್ಟಿನದಾಗಿದ್ದರೆ, 4 ಜಿಬಿಯ ಮೇಲೆ ಎಷ್ಟು ತುಂಬಿದರೂ ಮನೆಬಳಕೆಯ ಯಂತ್ರಕ್ಕೆ ದಕ್ಕದು.

ಮಗಳು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಳು. ಯಂತ್ರದ ವಿಂಡೋಸ್ 64 ಬಿಟ್ಟಿನದು. ಕೈಪಿಡಿಯ ಪ್ರಕಾರ 8 ಜಿಬಿ ಹಿಡಿಯುತ್ತದೆ. ಹಳೆಯ ಗುಂಡಿಯನ್ನು ತೋರಿಸಿ ಅಂತಹುದೇ ಗುಂಡಿ ಕೇಳುವುದು ತಂದೆಯ ಕಸುಬಿನ ಅಭ್ಯಾಸ. ಆದ್ದರಿಂದ ಅವರು ಹಳೆಯ ಹಲಗೆಯನ್ನೇ ಕಾಗದದಲ್ಲಿ ಸುತ್ತಿಕೊಂಡರು. ಇಬ್ಬರೂ ಬಸ್ಸಿನಲ್ಲಿ ಎಸ್.ಪಿ. ರಸ್ತೆಗೆ ಹೋದರು. ಕಂಪ್ಯೂಟರಿನ ಬಿಡಿಭಾಗಗಳಿಗೆ ಬೆಂಗಳೂರಿನಲ್ಲಿ ಹೆಸರಾದ ಬೀದಿ ಅದು. ಚೀಟಿಗೆ ಚೀಟಿ ತಾಳೆ ನೋಡಿ, ಕೂಡದಿದ್ದರೆ ಹಿಂದಕ್ಕೆ ಪಡೆಯಬೇಕೆಂದು ಮೊದಲೇ ಮಾತಾಡಿ, ಬಳಸಿದ 4 ಜಿಬಿ ಹಲಗೆಯೊಂದನ್ನು ಕೊಂಡರು.

ಮನೆಗೆ ಬಂದು ವಿದ್ಯುತ್ತಿನ ತಂತಿ ಕಳಚಿ, ಪೆಟ್ಟಿಗೆಯ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತು ಕಳೆದುಕೊಂಡು, ಎರಡೂ ಹಲಗೆಗಳನ್ನು ಕೂರಿಸಿದರು. ಎರಡೂ ತುದಿಗಳ ಕೊಂಡಿಗಳು ‘ಟಕ್’ ಎಂದವು. ಗುಂಡಿ ಒತ್ತಿದರೆ ಪರದೆ ಕಪ್ಪಾಗಿಯೇ ಉಳಿಯಿತು. ತಂದೆಯ ಮುಖವೂ ಕಪ್ಪಿಟ್ಟಿತು. ಒಂದು ದಿನದ ದುಡಿಮೆಯಲ್ಲವೆ? ಮಗಳು ಮತ್ತೆ ತಂತಿ ಕಳಚಿ ಹಲಗೆಗಳನ್ನು ಹೊರತೆಗೆದಳು. ಹಳೆಯದರ ಪಿನ್ನುಗಳ ಮೇಲೆ ವರುಷಗಳ ಕೊಳೆ ಕೂತಿತ್ತು. ತಮ್ಮನ ಕಂಪಾಸು ಪೆಟ್ಟಿಗೆಯ ರಬ್ಬರಿನಿಂದ ಅವನ್ನು ಮೃದುವಾಗಿ ಉಜ್ಜಿ, ಪುಡಿಯನ್ನು ಕೊಡವಿ, ಮತ್ತೆ ಕೂರಿಸಿದಳು. ಈ ಸಲ ಪರದೆ ಬೆಳಗಿತು. ರ‍್ಯಾಮ್ ಎಂಬುದರ ಎದುರಿಗೆ 8 ಜಿಬಿ ಎಂದು ಬರೆದಿತ್ತು.